ಚಕ್ಕುಲಿ ಒರಳಿನಲ್ಲಿ ತೂರದ ಹಿಟ್ಟು: ಸಿಂಪ್ಲೆಕ್ಟಿಕ್ ಬೇಸಿಗೆ ಶಾಲೆಗೆ ಹೊರಟವರಿಗೆ

ಪ್ರಶ್ನೆ: ಮೇಡಂ, ನಾನು ಧಾರವಾಡದ ಕಡೆಯ ಸಂಶೋಧನಾ ವಿದ್ಯಾರ್ಥಿನಿ. ಪಿಎಚ್‌ಡಿ ಎರಡನೇ ವರ್ಷ. ಕಾಂಟ್ಯಾಕ್ಟ್ ಮೆಟ್ರಿಕ್ ಮ್ಯಾನಿಫೋಲ್ಡ್‌ಗಳ ಮೇಲೆ ಕೆಲಸ. ಯುರೋಪಿನಲ್ಲಿ ಎರಡು ವಾರ ನಡೆಯುವ ಒಂದು ಬೇಸಿಗೆ ಶಾಲೆಗೆ ಅರ್ಜಿ ಹಾಕಿದ್ದೆ, ಆಯ್ಕೆಯಾಗಿದೆ. ವಿಷಯ ಸಿಂಪ್ಲೆಕ್ಟಿಕ್ ಜ್ಯಾಮಿತಿ ಮತ್ತು ಟೋಪಾಲಜಿ. ಅಲ್ಲೇ ಊಟ, ಅಲ್ಲೇ ವಾಸ. ಹೋಲೋಮಾರ್ಫಿಕ್ ಕರ್ವ್, ಫ್ಲೋರ್ ಹೋಮಾಲಜಿ, ಕಾಂಟ್ಯಾಕ್ಟ್ ಟೋಪಾಲಜಿ ಅಂತ ಮೂರು ಕೋರ್ಸ್. ಅವುಗಳ ವಿವರ ಓದಿದರೆ ಮುಕ್ಕಾಲು ಪಾಲು ತಲೆಗೆ ಹೋಗುತ್ತಿಲ್ಲ. ನನ್ನ ಗೈಡ್ ‘ಹೋಗಿ ಬಾ, ಆದರೆ ನಿನ್ನ ಥೀಸಿಸ್‌ಗೂ ಅದಕ್ಕೂ ಏನು ಸಂಬಂಧ’ ಅಂತಾರೆ. ಮೂರು ತಿಂಗಳು ಟೈಮ್ ಇದೆ. ಏನು ಓದಿಕೊಂಡು ಹೋಗಲಿ? ಅಲ್ಲಿ ದಿನವಿಡೀ ಏನು ಮಾಡಿಸುತ್ತಾರೆ? ಸುಮ್ನೆ ಕೂತು ವಾಪಸ್ ಬರೋ ಹಾಗಾದರೆ ಅಂತ ಭಯ.

ಉತ್ತರ:

ಮೊದಲು ಭಯದ ಮಾತು ಮುಗಿಸಿಬಿಡೋಣ. ಮುಕ್ಕಾಲು ಪಾಲು ತಲೆಗೆ ಹೋಗುತ್ತಿಲ್ಲ ಅಂದಿರಿ. ಅಂದರೆ ಕಾಲು ಪಾಲು ಹೋಗುತ್ತಿದೆ. ನಾನು ಮೊದಲ ಸಲ ಇಂಥ ಶಾಲೆಗೆ ಹೋದಾಗ ಅಷ್ಟೂ ಇರಲಿಲ್ಲ. ಎರಡು ವಾರದಲ್ಲಿ ಎರಡು ನೋಟ್‌ಬುಕ್ ತುಂಬಿಸಿಕೊಂಡು ಬಂದೆ. ಊರಿಗೆ ಬಂದು ತೆರೆದು ನೋಡಿದರೆ ನಾನೇ ಬರೆದದ್ದು ನನಗೇ ಅರ್ಥವಾಗಲಿಲ್ಲ. ಕೊನೆಗೆ ಕೈಯಲ್ಲಿ ಉಳಿದದ್ದು ಒಂದು ಪೇಪರ್ ನ್ಯಾಪ್ಕಿನ್. ರಾತ್ರಿ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತ ಹುಡುಗ ಅದರ ಮೇಲೆ ನಾಲ್ಕು ಸಾಲು ಲೆಕ್ಕ ಗೀಚಿಕೊಟ್ಟಿದ್ದ. ಇವತ್ತಿಗೂ ಆ ನಾಲ್ಕು ಸಾಲನ್ನು ಕ್ಲಾಸಿನಲ್ಲಿ ಬಳಸುತ್ತೇನೆ. ಅದು ಏನು ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಗೈಡ್ ಕೇಳಿದ ಪ್ರಶ್ನೆ ಇನ್ನೂ ಮುಖ್ಯ. ಅದಕ್ಕೆ ಒಳ್ಳೆಯ ಉತ್ತರ ಇದೆ.

ನಮ್ಮ ಕಡೆಯ ವಿಶ್ವವಿದ್ಯಾಲಯಗಳಲ್ಲಿ ಜ್ಯಾಮಿತಿಯ ಪಿಎಚ್‌ಡಿ ಅಂದರೆ ಬಹಳ ಸಲ ಸಸಾಕಿಯನ್, ಕೆನ್‌ಮೋಟ್ಸು ಅನ್ನುವ ಮ್ಯಾನಿಫೋಲ್ಡ್‌ಗಳು (ಹತ್ತಿರದಿಂದ ನೋಡಿದರೆ ಸಾದಾ ಜಾಗದಂತೆ ಕಾಣುವ ಬಾಗಿದ ಜಾಗಗಳು), ಇಲ್ಲವೇ ಅವುಗಳ ಅಣ್ಣತಮ್ಮಂದಿರು. ಪ್ರತಿ ದಿಕ್ಕಿಗೂ ಒಂದು ಸಂಖ್ಯೆ ಕೊಡುವ ಒನ್-ಫಾರ್ಮ್ ಈಟಾ, ಪ್ರತಿ ಬಿಂದುವಿಗೂ ಒಂದು ಬಾಣ ಇಡುವ ವೆಕ್ಟರ್ ಫೀಲ್ಡ್ ಕ್ಸೈ, ಬಾಣಗಳನ್ನು ತಿರುಗಿಸುವ ಟೆನ್ಸರ್ ಫೈ, ಮೇಲೆ ಉದ್ದ ಅಳೆಯೋದಕ್ಕೆ ಒಂದು ಮೆಟ್ರಿಕ್. ಆಮೇಲೆ ಕರ್ವೇಚರ್ ಟೆನ್ಸರ್ ಹಾಕಿ ಲೆಕ್ಕ ಮಾಡುತ್ತಾ ಹೋಗುವುದು. ನೀವೂ ಇದನ್ನೇ ಮಾಡುತ್ತಿರಬೇಕು, ಅಲ್ವಾ? ಕಾಂಟ್ಯಾಕ್ಟ್ ಟೋಪಾಲಜಿಯವರೂ ಅದೇ ಈಟಾದಿಂದ ಶುರು ಮಾಡುತ್ತಾರೆ. ಆದರೆ ಮೆಟ್ರಿಕ್ಕನ್ನೂ ಫೈಯನ್ನೂ ಎತ್ತಿ ಪಕ್ಕಕ್ಕಿಡುತ್ತಾರೆ.

ಹಾಗೆ ಇಟ್ಟರೆ ಅಳೆಯೋದಕ್ಕೆ ಏನು ಉಳಿಯಿತು? ಹತ್ತಿರದಿಂದ ನೋಡಿದರೆ ಏನೂ ಇಲ್ಲ. ಡಾರ್ಬೂ ಪ್ರಮೇಯದ ಪ್ರಕಾರ ಯಾವುದೇ ಬಿಂದುವಿನ ಅಕ್ಕಪಕ್ಕ ಎಲ್ಲ ಕಾಂಟ್ಯಾಕ್ಟ್ ರಚನೆಗಳೂ, ಅಂದರೆ ಈಟಾ ಸೊನ್ನೆಯಾಗುವ ಸಮತಲಗಳ ಹಾಸುಗಳೂ, ಒಂದೇ ಥರ. 1959ರಲ್ಲಿ ಗ್ರೇ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮುಚ್ಚಿದ ಮ್ಯಾನಿಫೋಲ್ಡಿನ ಮೇಲೆ ಕಾಂಟ್ಯಾಕ್ಟ್ ರಚನೆಯನ್ನು ಮೆಲ್ಲಗೆ ಬದಲಿಸುತ್ತಾ ಹೋದರೂ, ಕೊನೆಗೆ ಸಿಗುವುದು ಮೊದಲಿನದೇ, ಸ್ವಲ್ಪ ಜರುಗಿಸಿಟ್ಟದ್ದು ಅಷ್ಟೇ. ಹಾಗಾಗಿ ನೀವು ‘ಇಲ್ಲಿ ಕರ್ವೇಚರ್ ಎಷ್ಟು’ ಅಂತ ಕೇಳಿದರೆ, ಅವರು ‘ಈ ಮ್ಯಾನಿಫೋಲ್ಡಿನ ಮೇಲೆ ಇಂಥ ರಚನೆ ಒಟ್ಟು ಎಷ್ಟು ಥರ ಇದೆ’ ಅಂತ ಕೇಳುತ್ತಾರೆ. ಮೂರು ಆಯಾಮದಲ್ಲಿ ಒಂದಾದರೂ ಇದ್ದೇ ಇದೆ ಅಂತ ಮಾರ್ಟಿನೆ 1971ರಲ್ಲಿ ತೋರಿಸಿದರು. ಐದು ಆಯಾಮದ ಮಾತು ಬಗೆಹರಿಯೋದಕ್ಕೆ 2015ರ ತನಕ ಕಾಯಬೇಕಾಯಿತು. ಆ ಪ್ರಬಂಧ ಬರೆದ ಮೂವರಲ್ಲಿ ಒಬ್ಬರು ಚೆನ್ನೈನ ದಿಶಾಂತ್ ಪಂಚೋಲಿ. ಇದೇನು ನಮಗೆ ಸಂಬಂಧವಿಲ್ಲದ ದೂರದೂರಿನ ಗಣಿತ ಅಲ್ಲ.

ಇನ್ನು ನಿಮ್ಮ ಕ್ಸೈ. ಅವರ ಬಾಯಲ್ಲಿ ಅದರ ಹೆಸರು ರೀಬ್ ವೆಕ್ಟರ್ ಫೀಲ್ಡ್. ಅದರ ಹರಿವಿನಲ್ಲಿ ಒಂದು ಕಣ ಬಿಟ್ಟರೆ, ಹೊರಟ ಜಾಗಕ್ಕೇ ವಾಪಸ್ ಬರುವಂಥ ಒಂದು ಹಾದಿಯಾದರೂ ಇದೆಯೇ? ಇದೆ ಅನ್ನುವುದು ವೈನ್‌ಸ್ಟೈನ್ ಊಹೆ. ಮುಚ್ಚಿದ ಮೂರು ಆಯಾಮದ ಮ್ಯಾನಿಫೋಲ್ಡ್‌ಗಳಿಗೆ ಟೌಬ್ಸ್ 2007ರಲ್ಲಿ ಸಾಧಿಸಿದರು. ಅದಕ್ಕಿಂತ ಹೆಚ್ಚಿನ ಆಯಾಮದಲ್ಲಿ ಪೂರ್ತಿ ಉತ್ತರ ಇನ್ನೂ ಬಂದಿಲ್ಲ. ಇದನ್ನು ನಿಮ್ಮ ಗೈಡ್‌ಗೆ ಹೇಳಿ ನೋಡಿ. ಮೂರು ವರ್ಷ ನೀವು ಲೆಕ್ಕ ಹಾಕುವ ಆ ವೆಕ್ಟರ್ ಫೀಲ್ಡ್ ಬಗ್ಗೆ ಕೇಳಬಹುದಾದ ಅತಿ ಸರಳ ಪ್ರಶ್ನೆ ಇದು. ಅದಕ್ಕೆ ಸಂಬಂಧ ಇಲ್ಲ ಅನ್ನೋದು ಕಷ್ಟ.

ಒಂದು ಎಚ್ಚರಿಕೆ. ಅಲ್ಲಿ ಬೋರ್ಡಿನ ಮೇಲೆ ಕ್ಸೈ ಅಂತ ಬರೆದರೆ ಅದು ನಿಮ್ಮ ವೆಕ್ಟರ್ ಫೀಲ್ಡ್ ಅಲ್ಲ. ಈಟಾ ಸೊನ್ನೆಯಾಗುವ ಸಮತಲಗಳ ಹಾಸನ್ನು ಅವರು ಕ್ಸೈ ಅನ್ನುತ್ತಾರೆ. ಒಂದೇ ಅಕ್ಷರ, ಎರಡು ಊರಿನಲ್ಲಿ ಎರಡು ಅರ್ಥ. ನಿಮ್ಮ ಕ್ಸೈ ಅವರ ಕ್ಸೈಗೆ ಅಡ್ಡಲಾಗಿ ನಿಂತಿರುತ್ತದೆ. ಇದು ಗೊತ್ತಿಲ್ಲದೆ ಕೂತರೆ ಮೊದಲ ಅರ್ಧ ಗಂಟೆ ಸುಮ್ನೆ ಹಾಳು.

ಸರಿ, ಈಗ ಸಿಂಪ್ಲೆಕ್ಟಿಕ್. ಹೆಸರಿಗೆ ಹೆದರಬೇಡಿ. ‘ಕಾಂಪ್ಲೆಕ್ಸ್’ ಅನ್ನುವ ಲ್ಯಾಟಿನ್ ಪದವನ್ನೇ ಗ್ರೀಕಿಗೆ ತಿರುಗಿಸಿ ಹರ್ಮನ್ ವೈಲ್ 1939ರಲ್ಲಿ ಇಟ್ಟ ಹೆಸರು ಅದು. ಕಾಂಪ್ಲೆಕ್ಸ್ ಸಂಖ್ಯೆಯ ಜೊತೆ ಗೊಂದಲ ಬೇಡ ಅಂತ ಮಾಡಿದ್ದು.

ವಿಷಯ ಮಾತ್ರ ಹಳೆಯದು. ಜೋಕಾಲಿ ನೆನೆಸಿಕೊಳ್ಳಿ. ಜೋಕಾಲಿ ಈಗ ಎಲ್ಲಿದೆ ಅಂತ ಹೇಳಿದರೆ ಸಾಲದು, ಯಾವ ಕಡೆಗೆ ಎಷ್ಟು ರಭಸದಿಂದ ಹೋಗುತ್ತಿದೆ ಅಂತಲೂ ಹೇಳಬೇಕು. ಹಾಗಾಗಿ ಒಂದು ಜೋಕಾಲಿಗೆ ಎರಡು ಸಂಖ್ಯೆ: ಸ್ಥಾನ ಮತ್ತು ಸಂವೇಗ. ಎರಡನ್ನೂ ಹಾಳೆಯ ಮೇಲೆ ಅಡ್ಡ ಅಕ್ಷ, ಉದ್ದ ಅಕ್ಷ ಮಾಡಿ ಗುರುತಿಸಿದರೆ ಫೇಸ್ ಸ್ಪೇಸ್ ಸಿಕ್ಕಿತು. ಹ್ಯಾಮಿಲ್ಟನ್ 1830ರ ದಶಕದಲ್ಲಿ ಚಲನೆಯ ನಿಯಮಗಳನ್ನು ಈ ಜೋಡಿಗಳಲ್ಲೇ ಬರೆದರು. ಆ ಹಾಳೆಯ ಮೇಲೆ ಒಂದು ಸಣ್ಣ ಚೌಕ ಬರೆದು, ಅದರೊಳಗಿನ ಪ್ರತಿ ಬಿಂದುವನ್ನೂ ಜೋಕಾಲಿಯ ನಿಯಮದಂತೆ ಒಂದು ನಿಮಿಷ ಓಡಲು ಬಿಡಿ. ಚೌಕ ಸೊಟ್ಟಗಾಗುತ್ತದೆ, ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆದರೆ ಅದರ ವಿಸ್ತೀರ್ಣ ಒಂದಿಷ್ಟೂ ಬದಲಾಗುವುದಿಲ್ಲ. ಸ್ಥಾನ–ಸಂವೇಗ ಜೋಡಿಯ ಈ ವಿಸ್ತೀರ್ಣವೇ ಸಿಂಪ್ಲೆಕ್ಟಿಕ್ ಫಾರ್ಮ್, ಪುಸ್ತಕಗಳ ಒಮೆಗಾ. ಎರಡು ಜೋಕಾಲಿ ಇದ್ದರೆ ಎರಡು ಜೋಡಿ, ನಾಲ್ಕು ಆಯಾಮ. ಆಗ ಎರಡೂ ಜೋಡಿಯ ವಿಸ್ತೀರ್ಣ ಕೂಡಿಸಿದ್ದು ಒಮೆಗಾ. ಅದನ್ನು ಕೆಡಿಸದ ಚಲನೆಗಳನ್ನು ಸಿಂಪ್ಲೆಕ್ಟಿಕ್ ಅನ್ನುತ್ತೇವೆ.

ಇಂಥ ಚಲನೆ ಘನಫಲವನ್ನೂ ಕೆಡಿಸುವುದಿಲ್ಲ, ಇದು ಹಿಂದಿನಿಂದಲೂ ಗೊತ್ತಿತ್ತು. ಹಾಗಾದರೆ ಘನಫಲ ಉಳಿಸುವುದಕ್ಕಿಂತ ಇದರಲ್ಲಿ ಜಾಸ್ತಿ ಏನಾದರೂ ಇದೆಯಾ? ಇದಕ್ಕೆ ಉತ್ತರ ಬಂದದ್ದು 1985ರಲ್ಲಿ, ಗ್ರೋಮೋವ್ ಕೈಯಿಂದ.

ಚಕ್ಕುಲಿ ಒರಳು ನೋಡಿದ್ದೀರಲ್ಲ. ಮುಷ್ಟಿ ಗಾತ್ರದ ಹಿಟ್ಟಿನ ಉಂಡೆ ಹಾಕಿ ಒತ್ತಿದರೆ ಬೆರಳಿಗಿಂತ ಸಣ್ಣ ತೂತಿನಿಂದ ಎಳೆಯಾಗಿ ಇಳಿಯುತ್ತದೆ. ಹಿಟ್ಟು ಅಷ್ಟೇ, ಆಕಾರ ಬೇರೆ. ಘನಫಲ ಮಾತ್ರ ಉಳಿಸಬೇಕು ಅಂದರೆ ಎಂಥ ಗೋಳವನ್ನಾದರೂ ಎಷ್ಟು ಸಣ್ಣ ಕೊಳವೆಯೊಳಗಾದರೂ ಹೀಗೆ ತೂರಿಸಬಹುದು. ಗ್ರೋಮೋವ್ ಹೇಳಿದ್ದು ಇಷ್ಟು: ಸಿಂಪ್ಲೆಕ್ಟಿಕ್ ಹಿಟ್ಟು ಹಾಗೆ ಇಳಿಯುವುದಿಲ್ಲ. ಒಂದು ಜೋಡಿಯ ಸ್ಥಾನ–ಸಂವೇಗ ಸಮತಲದಲ್ಲಿ ವೃತ್ತ ಬರೆದು, ಉಳಿದ ದಿಕ್ಕಿಗೆಲ್ಲ ಕೊನೆಯಿಲ್ಲದೆ ಚಾಚಿದ ಕೊಳವೆ ಮಾಡಿ. ಕೊಳವೆಯ ತ್ರಿಜ್ಯ ಗೋಳದ ತ್ರಿಜ್ಯಕ್ಕಿಂತ ಕಡಿಮೆ ಇದ್ದರೆ, ಎಷ್ಟೇ ಹಿಚುಕಿ, ತಿರುಚಿ, ಗೋಳ ಒಳಗೆ ಹೋಗುವುದಿಲ್ಲ. ಕೊಳವೆಯಲ್ಲಿ ಕೊನೆಯಿಲ್ಲದಷ್ಟು ಜಾಗ ಇದ್ದರೂ ಇಲ್ಲ.

ಈಗ ನಿಮ್ಮ ಮೊದಲ ಹೋಮ್‌ವರ್ಕ್. ಇದನ್ನು ಮ್ಯಾಟ್ರಿಕ್ಸ್‌ಗಳಿಗೆ ಮಾತ್ರ ಸಾಧಿಸಿ. ನಾಲ್ಕು ಆಯಾಮ, ಗೋಳದ ತ್ರಿಜ್ಯ 1, ಕೊಳವೆ ಮೊದಲ ಜೋಡಿಯ ಮೇಲೆ. ನಿಮ್ಮ ಸಿಂಪ್ಲೆಕ್ಟಿಕ್ ಮ್ಯಾಟ್ರಿಕ್ಸಿನಲ್ಲಿ ಮೊದಲ ಜೋಡಿಯನ್ನು ಕೊಡುವ ಎರಡು ಅಡ್ಡಸಾಲು ತೆಗೆದುಕೊಳ್ಳಿ. ಸಿಂಪ್ಲೆಕ್ಟಿಕ್ ಮ್ಯಾಟ್ರಿಕ್ಸಿನ ಟ್ರಾನ್ಸ್‌ಪೋಸ್ ಕೂಡ ಸಿಂಪ್ಲೆಕ್ಟಿಕ್, ಹಾಗಾಗಿ ಆ ಎರಡು ಸಾಲುಗಳ ಒಮೆಗಾ ಬೆಲೆ ಸರಿಯಾಗಿ 1. ಎರಡು ವೆಕ್ಟರ್‌ಗಳ ಒಮೆಗಾ ಬೆಲೆ ಅವುಗಳ ಉದ್ದಗಳ ಗುಣಲಬ್ಧವನ್ನು ಮೀರುವಂತಿಲ್ಲ. ಅಂದಮೇಲೆ ಎರಡರಲ್ಲಿ ಒಂದರ ಉದ್ದವಾದರೂ 1 ಅಥವಾ ಅದಕ್ಕಿಂತ ಹೆಚ್ಚು ಇರಲೇಬೇಕು. ಗೋಳದ ನಡುವಿನಿಂದ ಆ ಸಾಲಿನ ದಿಕ್ಕಿನಲ್ಲೇ ನಡೆದು ಅಂಚಿಗೆ ಹೋಗಿ ನಿಲ್ಲಿ. ಆ ಬಿಂದುವನ್ನು ಮ್ಯಾಟ್ರಿಕ್ಸ್ ಎಲ್ಲಿಗೆ ಕಳಿಸುತ್ತದೆ? ಕೊಳವೆಯ ನಡುವಿನಿಂದ ಕನಿಷ್ಠ 1 ದೂರಕ್ಕೆ. ಕೊಳವೆಯ ತ್ರಿಜ್ಯ 1ಕ್ಕಿಂತ ಕಡಿಮೆ ಇದ್ದರೆ ಅದು ಹೊರಗೆ ಬಿತ್ತು. ಮುಗಿಯಿತು.

ಇದನ್ನು ಕೈಯಲ್ಲಿ ಬರೆದು ನೋಡಿ, ಓದಿ ಬಿಡಬೇಡಿ. ಬರೆದ ಮೇಲೆ ಎರಡು ಕೀಟಲೆ ಮಾಡಿ. ಮೊದಲ ಜೋಡಿಯ ಎರಡನ್ನೂ ಅರ್ಧ ಮಾಡಿ, ಎರಡನೇ ಜೋಡಿಯ ಎರಡನ್ನೂ ದುಪ್ಪಟ್ಟು ಮಾಡಿ. ಘನಫಲ ಸರಿಹೋಯಿತು, ಆದರೆ ಮೊದಲ ಜೋಡಿಯ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯಿತು. ಇದು ಸಿಂಪ್ಲೆಕ್ಟಿಕ್ ಅಲ್ಲ. ಈಗ ಎರಡೂ ಸ್ಥಾನಗಳನ್ನು ಅರ್ಧ ಮಾಡಿ, ಎರಡೂ ಸಂವೇಗಗಳನ್ನು ದುಪ್ಪಟ್ಟು ಮಾಡಿ. ಪ್ರತಿ ಜೋಡಿಯ ವಿಸ್ತೀರ್ಣವೂ ಹಾಗೇ ಇದೆ, ಇದು ಪಕ್ಕಾ ಸಿಂಪ್ಲೆಕ್ಟಿಕ್. ಎರಡು ಸ್ಥಾನಗಳ ಮೇಲೆ ಕೊಳವೆ ಮಾಡಿದ್ದರೆ ಗೋಳ ಆರಾಮಾಗಿ ಒಳಗೆ ಹೋಯಿತು! ಅಂದರೆ ಕೊಳವೆ ಎಷ್ಟು ಸಣ್ಣದು ಅನ್ನೋದಷ್ಟೇ ಅಲ್ಲ, ಯಾವ ಜೋಡಿಯ ಮೇಲೆ ನಿಂತಿದೆ ಅನ್ನೋದೂ ಮುಖ್ಯ. ಈ ಎರಡು ಲೆಕ್ಕ ಬೆರಳ ತುದಿಯಲ್ಲಿದ್ದರೆ, ಹೋಲೋಮಾರ್ಫಿಕ್ ಕರ್ವ್ ಕೋರ್ಸಿನ ಮೊದಲ ವಾರ ಯಾವುದರ ಬೆನ್ನು ಹತ್ತಿದೆ ಅನ್ನೋದು ನಿಮಗೆ ಗೊತ್ತಿರುತ್ತದೆ. ಮ್ಯಾಟ್ರಿಕ್ಸ್ ಅಲ್ಲದ ಚಲನೆಗಳಿಗೆ ಅಡ್ಡಸಾಲು ಇರುವುದಿಲ್ಲ. ಅದರ ಬದಲು ಗ್ರೋಮೋವ್ ಗೋಳದ ನಡುಬಿಂದುವಿನ ಮೂಲಕ ಹಾಯುವ ಒಂದು ಮೇಲ್ಮೈ ಹುಡುಕುತ್ತಾರೆ, ಹೋಲೋಮಾರ್ಫಿಕ್ ಕರ್ವ್ ಅಂದರೆ ಇದೇ. ಅದರ ಒಟ್ಟು ವಿಸ್ತೀರ್ಣ ಕೊಳವೆಯ ಅಡ್ಡಕೊಯ್ತದಷ್ಟು. ಗೋಳದೊಳಗೆ ಬಿದ್ದ ತುಂಡಿನ ವಿಸ್ತೀರ್ಣ ಗೋಳದ ಅಡ್ಡಕೊಯ್ತಕ್ಕಿಂತ ಕಡಿಮೆ ಇರಲಾರದು. ತುಂಡು ಪೂರ್ತಿಗಿಂತ ದೊಡ್ಡದಾಗೋಲ್ಲವಲ್ಲ! ಅಂಥ ಮೇಲ್ಮೈ ಇದ್ದೇ ಇದೆ ಅಂತ ತೋರಿಸುವುದೇ ಕಷ್ಟದ ಭಾಗ.

ಓದೋದಕ್ಕೆ ಬರೋಣ. ಮೂರು ತಿಂಗಳಿದೆ ಅಂತ ದಪ್ಪ ಪುಸ್ತಕ ಹಿಡಿದು ಕೂರಬೇಡಿ. ಆನಾ ಕನ್ನಾಸ್ ದ ಸಿಲ್ವಾ ಅವರ ಸಿಂಪ್ಲೆಕ್ಟಿಕ್ ಜ್ಯಾಮಿತಿಯ ಉಪನ್ಯಾಸಗಳು 2001ರಲ್ಲಿ ಪುಸ್ತಕವಾಗಿ ಬಂದಿವೆ. ಅಧ್ಯಾಯಗಳು ಚಿಕ್ಕವು, ಲೆಕ್ಕಗಳು ಕೈಗೆ ಸಿಗುವಂಥವು. ಮೋಸರ್ ಉಪಾಯ ಬರುವ ತನಕ ಓದಿ, ಅಲ್ಲಿ ಒಂದು ವಾರ ನಿಲ್ಲಿ. ಎರಡು ಒಮೆಗಾಗಳ ನಡುವೆ ಸೇತುವೆ ಕಟ್ಟಿ, ಆ ಸೇತುವೆಯ ಉದ್ದಕ್ಕೂ ಹರಿಯುವ ವೆಕ್ಟರ್ ಫೀಲ್ಡ್ ಹುಡುಕುವುದು ಆ ಉಪಾಯ. ಡಾರ್ಬೂ ಪ್ರಮೇಯ, ಆಗಲೇ ಹೇಳಿದ ಗ್ರೇ ಪ್ರಮೇಯ, ಎಲ್ಲವೂ ಅದರಿಂದಲೇ ಇಳಿಯುತ್ತವೆ. ನಿಮಗೆ ಲೀ ಡೆರಿವೇಟಿವ್ ಲೆಕ್ಕ ನೀರು ಕುಡಿದಷ್ಟು ಸುಲಭ ಇರಬೇಕು, ಟೆನ್ಸರ್‌ಗಳ ಜೊತೆ ಅಷ್ಟು ಗುದ್ದಾಡಿದವರು ನೀವು. ಅಲ್ಲಿಗೆ ಬರುವ ಎಷ್ಟೋ ಟೋಪಾಲಜಿ ಹುಡುಗರಿಗಿಂತ ಇದರಲ್ಲಿ ನೀವೇ ಮುಂದೆ.

ಹೋಮಾಲಜಿ ಅಂದರೆ ಒಂದು ಆಕಾರದ ತುಂಡು, ತೂತು, ಪೊಳ್ಳುಗಳ ಲೆಕ್ಕ. ಫ್ಲೋರ್ ಹೋಮಾಲಜಿಗೆ ಬೇಕಾದ ತಯಾರಿ ಮೋರ್ಸ್ ಸಿದ್ಧಾಂತ, ಆ ಲೆಕ್ಕವನ್ನು ಶಿಖರ, ಘಾಟಿ, ತಳಗಳಿಂದ ಮಾಡುವ ದಾರಿ. ಅದನ್ನೂ ಒಂದೇ ಉದಾಹರಣೆಯಲ್ಲಿ ಮಾಡಿ. ಚೆಂಡಿನ ಮೇಲ್ಭಾಗ ಒತ್ತಿ ಎರಡು ಗುಡ್ಡ ಮಾಡಿ, ನಡುವೆ ಒಂದು ಘಾಟಿ. ಎರಡು ಶಿಖರ, ಒಂದು ಘಾಟಿ, ಒಂದು ತಳ. ಮಳೆ ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಣಿಸಿ. ಪ್ರತಿ ಶಿಖರದಿಂದ ಘಾಟಿಗೆ ಒಂದೊಂದು ದಾರಿ. ಘಾಟಿಯಿಂದ ತಳಕ್ಕೆ ಎರಡು ದಾರಿ. ಎರಡು ಅಂದರೆ ಸರಿಸಂಖ್ಯೆ, ಸೊನ್ನೆ ಅಂತ ಹಿಡಿಯಿರಿ. ಎರಡು ಶಿಖರಗಳಲ್ಲಿ ಒಂದು ಘಾಟಿಯ ಜೊತೆ ಹೊಡೆದುಹೋಗುತ್ತದೆ, ಉಳಿದದ್ದು ಮೇಲೊಂದು, ಕೆಳಗೊಂದು. ಸಾದಾ ಚೆಂಡಿನ ಹೋಮಾಲಜಿಯೂ ಅಷ್ಟೇ. ಆಂಡ್ರಿಯಾಸ್ ಫ್ಲೋರ್ 1980ರ ದಶಕದ ಕೊನೆಯಲ್ಲಿ ಈ ಎಣಿಕೆಯನ್ನೇ ಕುಣಿಕೆಗಳ ಜಾಗಕ್ಕೆ ಒಯ್ದರು. ಅಲ್ಲಿ ಬೆಟ್ಟ ಮೇಲಕ್ಕೂ ಕೆಳಕ್ಕೂ ಕೊನೆಯಿಲ್ಲದ ಆಯಾಮಗಳಲ್ಲಿ ಚಾಚಿದೆ. ಎರಡು ಕುಣಿಕೆಗಳ ನಡುವೆ ನೀರು ಹರಿಯುವ ದಾರಿ ಗ್ರೋಮೋವ್ ಹೇಳಿದ ಥರದ ಮೇಲ್ಮೈ ಆಗಿಬಿಡುತ್ತದೆ. ಅವರು ತೀರಿಕೊಂಡದ್ದು 1991ರಲ್ಲಿ, ಮೂವತ್ತೈದೂ ತುಂಬಿರಲಿಲ್ಲ. ಅವರು ಬಿಟ್ಟುಹೋದ ಕೆಲಸದ ಮೇಲೆ ಇವತ್ತಿನ ಅರ್ಧ ವಿಷಯ ನಿಂತಿದೆ.

ಸೊಬೊಲೆವ್ ಸ್ಪೇಸ್, ಫ್ರೆಡ್‌ಹೋಮ್ ಆಪರೇಟರ್ ಅಂತ ಅನಾಲಿಸಿಸ್ ಭಾಗ ಇದೆಯಲ್ಲ, ಅದನ್ನು ಈಗ ಮುಟ್ಟಬೇಡಿ. ಇದು ನನ್ನ ಖಚಿತ ಅಭಿಪ್ರಾಯ, ಎಲ್ಲರೂ ಒಪ್ಪಲಿಕ್ಕಿಲ್ಲ. ಇಂಡೆಕ್ಸ್ ಅಂದರೆ ಪರಿಹಾರಗಳ ಗುಂಪಿಗೆ ಎಷ್ಟು ಆಯಾಮ ಇರಬೇಕು ಅಂತ ಹೇಳುವ ಸಂಖ್ಯೆ. ಬಬ್ಲಿಂಗ್ ಅಂದರೆ ಮೇಲ್ಮೈಗಳ ಸಾಲು ಮುಂದೆ ಮುಂದೆ ಹೋದಂತೆ ಒಂದು ಗುಳ್ಳೆ ಕಿತ್ತುಕೊಂಡು ಬೇರೆಯಾಗುವುದು. ಇಷ್ಟು ಗೊತ್ತಿದ್ದರೆ ಪಾಠ ಹಿಂಬಾಲಿಸಬಹುದು.

ಅಲ್ಲಿನ ದಿನ ಹೇಗಿರುತ್ತದೆ ಅಂದಿರಿ. ಬೆಳಿಗ್ಗೆ ಎರಡೋ ಮೂರೋ ಪಾಠ, ನಡುವೆ ಕಾಫಿ. ಮಧ್ಯಾಹ್ನ ಊಟ ಆದ ಮೇಲೆ ಲೆಕ್ಕ ಬಿಡಿಸುವ ಹೊತ್ತು, ಐದಾರು ಜನರ ಗುಂಪಿನಲ್ಲಿ. ಸಂಜೆ ವಿದ್ಯಾರ್ಥಿಗಳದ್ದೇ ಚಿಕ್ಕ ಭಾಷಣಗಳು. ಬುಧವಾರದ ಹೊತ್ತಿಗೆ ಎಲ್ಲರ ಮುಖವೂ ಬಾಡಿರುತ್ತದೆ. ಇದು ನಿಮಗೊಬ್ಬರಿಗೇ ಅಂದುಕೊಳ್ಳಬೇಡಿ. ಅದಕ್ಕೇ ಬಹಳ ಕಡೆ ಬುಧವಾರ ಮಧ್ಯಾಹ್ನ ಬೆಟ್ಟ ಹತ್ತಿಸುತ್ತಾರೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿನಲ್ಲಿ ಓಬರ್‌ವೋಲ್ಫಾಖ್ ಅಂತ ಒಂದು ಊರಿದೆ. ಅಲ್ಲಿನ ಗಣಿತ ಸಂಸ್ಥೆ 1944ರಿಂದ ನಡೆಯುತ್ತಿದೆ. ಅಲ್ಲಿ ಬುಧವಾರದ ನಡಿಗೆ ಒಂದು ಹಳೆಯ ಸಂಪ್ರದಾಯ. ಇನ್ನೊಂದು ಸಂಪ್ರದಾಯ ನನಗೆ ಇನ್ನೂ ಇಷ್ಟ: ಪ್ರತಿಯೊಬ್ಬರ ಹೆಸರಿನ ನ್ಯಾಪ್ಕಿನ್ ಚೀಲಗಳನ್ನು ಊಟಕ್ಕೆ ಮುಂಚೆ ಕಲಸಿ ಮೇಜುಗಳ ಮೇಲೆ ಹಂಚಿಡುತ್ತಾರೆ. ನಿಮ್ಮ ಹೆಸರು ಎಲ್ಲಿದೆಯೋ ಅಲ್ಲೇ ಕೂರಬೇಕು. ಪಕ್ಕದಲ್ಲಿ ದೊಡ್ಡ ಪ್ರೊಫೆಸರ್ ಇರಬಹುದು, ಮೊನ್ನೆ ಪಿಎಚ್‌ಡಿ ಸೇರಿದ ಹುಡುಗಿ ಇರಬಹುದು. ನಮ್ಮವರೆಲ್ಲ ಒಂದೇ ಮೇಜಿಗೆ ಸೇರಿಕೊಂಡು ಕೂರುವ ಚಟಕ್ಕೆ ಇದಕ್ಕಿಂತ ಒಳ್ಳೆ ಔಷಧ ಇಲ್ಲ. ನಿಮ್ಮ ಶಾಲೆಯಲ್ಲಿ ಈ ಪದ್ಧತಿ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ, ದಿನಕ್ಕೊಂದು ಮೇಜು.

ಅಮೆರಿಕದಲ್ಲಿ ಕೈಲರೆಕ್ ಅಂತ ಒಂದು ಸಿಂಪ್ಲೆಕ್ಟಿಕ್ ಕಾರ್ಯಾಗಾರ ಇದೆ. 2017ರಲ್ಲಿ ಶುರುವಾದದ್ದು. ಸಂಶೋಧನಾ ವಿದ್ಯಾರ್ಥಿಗಳೇ ನಡೆಸುತ್ತಾರೆ, ಎಲ್ಲರೂ ಒಟ್ಟಿಗೆ ಇರುತ್ತಾರೆ, ಅಡುಗೆಯೂ ಅವರದ್ದೇ, ಹೆಚ್ಚಿನ ಭಾಷಣಗಳೂ ಅವರದ್ದೇ. ಇಂಥದ್ದೇ ಇನ್ನೊಂದು ಕಡೆ ನನ್ನ ಸರದಿ ಬಂದಾಗ ಇಪ್ಪತ್ತು ಜನಕ್ಕೆ ಉಪ್ಪಿಟ್ಟು ಮಾಡಿದ್ದೆ. ರವೆ ಹುರಿಯುವಾಗ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆ ರಾತ್ರಿ ಇಬ್ಬರೂ ಬೋರ್ಡಿನ ಮುಂದೆ ಒಂದು ಗಂಟೆ ತನಕ ನಿಂತೆವು. ಉಪ್ಪಿಟ್ಟು ಸ್ವಲ್ಪ ಗಂಟಾಗಿತ್ತು, ಯಾರಿಗೂ ಗೊತ್ತಾಗಲಿಲ್ಲ.

ನ್ಯಾಪ್ಕಿನ್ ಲೆಕ್ಕ ಹೇಳುತ್ತೇನೆ ಅಂದಿದ್ದೆ. ನಾಲ್ಕು ಆಯಾಮದ ಒಂದು ಗೋಳದೊಳಗೆ ಒಂದೇ ಅಳತೆಯ ಚಿಕ್ಕ ಗೋಳಗಳನ್ನು ಸಿಂಪ್ಲೆಕ್ಟಿಕ್ ಆಗಿ ತುಂಬಬೇಕು. ಡಬ್ಬಿಗೆ ಲಾಡು ತುಂಬಿದ ಹಾಗೆ, ಆದರೆ ಇಲ್ಲಿ ಲಾಡನ್ನು ಹಿಚುಕಬಹುದು. ಎಷ್ಟು ಭಾಗ ತುಂಬಬಹುದು? ಮೆಕ್‌ಡಫ್ ಮತ್ತು ಪೋಲ್ಟೆರೋವಿಚ್ 1994ರಲ್ಲಿ ಕೊಟ್ಟ ಉತ್ತರ ನೋಡಿ. ಎರಡು ಗೋಳ ಹಾಕಿದರೆ ಹೆಚ್ಚೆಂದರೆ 1/2. ಮೂರಕ್ಕೆ 3/4. ನಾಲ್ಕಕ್ಕೆ ಪೂರ್ತಿ. ಐದಕ್ಕೆ ಮತ್ತೆ ಇಳಿದು 4/5. ಆರಕ್ಕೆ 24/25, ಏಳಕ್ಕೆ 63/64, ಎಂಟಕ್ಕೆ 288/289.

ನಾನು ಬಾಯಿ ಬಿಟ್ಟುಕೊಂಡು ‘288/289 ಎಲ್ಲಿಂದ ಬಂತು’ ಅಂದೆ. ಅವನು ನ್ಯಾಪ್ಕಿನ್ ಎಳೆದುಕೊಂಡ. ಗೋಳದ ಅಳತೆ ಅಂದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಅಂತ ಇಟ್ಟುಕೋ, ದೊಡ್ಡದರದ್ದು 1. ನಾಲ್ಕು ಆಯಾಮದಲ್ಲಿ ಘನಫಲ ಆ ಅಳತೆಯ ವರ್ಗ. ಎರಡು ಬಿಂದುಗಳ ಮೂಲಕ ಒಂದು ರೇಖೆ ಎಳೆಯಬಹುದು. ರೇಖೆಯ ಡಿಗ್ರಿ 1, ಅಂದರೆ ಅದರ ಒಟ್ಟು ವಿಸ್ತೀರ್ಣವೂ 1. ಅದು ಎರಡು ಗೋಳಗಳ ನಡುವನ್ನು ಹಾಯುತ್ತದೆ, ಹಾಗಾಗಿ ತುಂಡು ಪೂರ್ತಿಯನ್ನು ಮೀರದು ಅನ್ನುವ ಅದೇ ಮಾತಿನಿಂದ ಎರಡರ ಅಳತೆ ಕೂಡಿದರೆ 1 ಮೀರುವಂತಿಲ್ಲ. ಒಂದೊಂದು ಹೆಚ್ಚೆಂದರೆ 1/2. ವರ್ಗ ಮಾಡಿ ಎರಡರಿಂದ ಗುಣಿಸು: 1/2. ಐದು ಬಿಂದುಗಳ ಮೂಲಕ ಒಂದು ಕಾನಿಕ್ ಎಳೆಯಬಹುದು, ಪಿಯುಸಿಯಲ್ಲಿ ಓದಿದ ದೀರ್ಘವೃತ್ತದ ಜಾತಿಯದು. ಡಿಗ್ರಿ 2, ಐದು ಗೋಳ. ಒಂದೊಂದು ಹೆಚ್ಚೆಂದರೆ 2/5. ವರ್ಗ 4/25, ಐದರಿಂದ ಗುಣಿಸಿದರೆ 4/5. ಆರು ಗೋಳ ಇದ್ದರೂ ಅದರಲ್ಲಿ ಯಾವ ಐದಕ್ಕಾದರೂ ಇದೇ ಕಟ್ಟು, ಹಾಗಾಗಿ ಆರು ಸಲ 4/25, ಅಂದರೆ 24/25. ‘ಏಳನ್ನು ನೀನೇ ಮಾಡು’ ಅಂತ ನ್ಯಾಪ್ಕಿನ್ ನನ್ನ ಕಡೆ ತಳ್ಳಿ ಸೂಪ್ ಕುಡಿಯತೊಡಗಿದ.

ಏಳಕ್ಕೆ ಬೇಕಾದ್ದು ಡಿಗ್ರಿ 3ರ ಕರ್ವ್, ಏಳು ಬಿಂದುಗಳ ಮೂಲಕ ಹೋಗಿ ಒಂದರಲ್ಲಿ ಎರಡು ಸಲ ಹಾಯುವಂಥದ್ದು. ಒಟ್ಟು ಎಂಟು. ಹಾಗಾಗಿ 3/8, ಏಳು ಸಲ 9/64. ಅದು ಹೊಳೆದದ್ದು ರಾತ್ರಿ ಹಾಸಿಗೆಯಲ್ಲಿ. ಎಂಟಕ್ಕೆ ಡಿಗ್ರಿ 6 ಬೇಕು, ಒಂದು ಬಿಂದುವಿನಲ್ಲಿ ಮೂರು ಸಲ, ಉಳಿದ ಏಳರಲ್ಲಿ ಎರಡೆರಡು ಸಲ. ಒಟ್ಟು 17. ಉಳಿದ ಗುಣಾಕಾರ ನೀವು ಮಾಡಿ. ಒಂಬತ್ತರಿಂದ ಮುಂದೆ ಪೂರ್ತಿ ತುಂಬಬಹುದು, ಕೊನೆಯ ತನಕ ಅದನ್ನು ಸಾಧಿಸಿದ್ದು ಬಿರಾನ್. ಇದು ಯಾವ ಪಾಠದಲ್ಲೂ ಹೇಳಿರಲಿಲ್ಲ. ಇಂಥ ಕರ್ವ್‌ಗಳು ಯಾಕೆ ಹಿಟ್ಟನ್ನು ತಡೆಯುತ್ತವೆ ಅಂತ ಹುಡುಕಲು ಹೋಗಿಯೇ ನಾನು ಗ್ರೋಮೋವ್ ಓದಿದ್ದು.

ಈ ವಿಷಯದಲ್ಲಿ ಒಟ್ಟಿಗೆ ಇರುವುದಕ್ಕೆ ಬೇರೆ ಕಡೆಗಿಂತ ಜಾಸ್ತಿ ಬೆಲೆ ಇದೆ, ಅದಕ್ಕೆ ಕಾರಣವೂ ಇದೆ. ಇಲ್ಲಿ ಎಷ್ಟೋ ಸಂಗತಿ ಬಾಯಿಂದ ಬಾಯಿಗೆ ದಾಟಿ ಬಂದದ್ದು. ಮೇಲ್ಮೈಗಳನ್ನು ಎಣಿಸುವುದು ಹೇಳಿದಷ್ಟು ಸುಲಭ ಅಲ್ಲ. ಎಣಿಸಬೇಕಾದ ಗುಂಪು ಎಷ್ಟೋ ಸಲ ಗೊಜ್ಜಾಗಿರುತ್ತದೆ, ಅದನ್ನು ನೆಟ್ಟಗೆ ಮಾಡುವ ತಂತ್ರಗಳ ಬಗ್ಗೆಯೇ ಒಮ್ಮತ ಇರಲಿಲ್ಲ. 1990ರ ದಶಕದಲ್ಲಿ ಫುಕಾಯಾ ಮತ್ತು ಓನೋ ಒಂದು ದಾರಿ ಹಾಕಿದರು. 2012ರ ಹೊತ್ತಿಗೆ ದೂಸಾ ಮೆಕ್‌ಡಫ್ ಮತ್ತು ಕಾಟ್ರಿನ್ ವೆಹ್ರ್‌ಹೈಮ್ ಆ ದಾರಿಯ ಕೆಲವು ಹೆಜ್ಜೆಗಳನ್ನು ಎಲ್ಲರೆದುರೇ ಪ್ರಶ್ನಿಸಿದರು. ಹೋಫರ್, ವಿಸೊಕಿ, ಝೆಂಡರ್ ಪಾಲಿಫೋಲ್ಡ್ ಅಂತ ಬೇರೆಯೇ ಅಡಿಪಾಯ ಹಾಕುತ್ತಿದ್ದರು. ಹೊಸಬರಿಗೆ ಇದರ ಅರ್ಥ ಏನು? ಒಂದು ಪ್ರಬಂಧದಲ್ಲಿ ‘ಇದು ಸಾಮಾನ್ಯವಾಗಿ ಗೊತ್ತಿರುವ ವಾದ’ ಅಂತ ಇದ್ದರೆ, ಅದು ನಿಜವಾಗಿ ಯಾರಿಗೆ ಗೊತ್ತು, ಎಷ್ಟು ಗೊತ್ತು ಅಂತ ಎದುರಿಗೆ ಕೂತೇ ಕೇಳಬೇಕು. ಕಾಫಿ ಕಪ್ ಹಿಡಿದವರು ಬೋರ್ಡಿನ ಮೇಲೆ ಹೇಳದ್ದನ್ನು ಹೇಳುತ್ತಾರೆ. ಶಾಲೆಗಳ ಪಾಠಗಳೇ ಆಮೇಲೆ ಎಲ್ಲರೂ ಓದುವ ಪುಸ್ತಕವಾದದ್ದೂ ಇದೆ. 1997ರಲ್ಲಿ ಅಮೆರಿಕದ ಪಾರ್ಕ್ ಸಿಟಿಯಲ್ಲಿ ನಡೆದ ಬೇಸಿಗೆ ಶಾಲೆಯದ್ದು, 2011ರಲ್ಲಿ ನಾಂತ್, 2012ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದವುಗಳದ್ದು ಹಾಗೆ ಬಂದವು.

ಕೇಳೋದು ಹೇಗೆ ಅಂತ ಒಂದು ಮಾತು. ನಮ್ಮ ಇಂಗ್ಲಿಷ್ ಸರಿಯಿಲ್ಲ, ಪ್ರಶ್ನೆ ದಡ್ಡತನದ್ದು ಅನ್ನೋ ಅಂಜಿಕೆಯಲ್ಲಿ ನಾವು ಬಾಯಿ ಬಿಡೋದಿಲ್ಲ. ನನಗೆ ಕೆಲಸ ಮಾಡಿದ್ದು ಒಂದೇ ಪ್ರಶ್ನೆ: ‘ಇದು ಅತಿ ಕಡಿಮೆ ಆಯಾಮದಲ್ಲಿ ಹೇಗೆ ಕಾಣುತ್ತೆ?’ ಯಾವ ಪಾಠಕ್ಕೂ ಹೊಂದುತ್ತದೆ, ಯಾರೂ ನಗುವುದಿಲ್ಲ. ಎಷ್ಟೋ ಸಲ ಪಾಠ ಮಾಡುವವರೇ ಒಂದು ಕ್ಷಣ ನಿಂತು ಯೋಚಿಸುತ್ತಾರೆ. ಇನ್ನೊಂದು, ಮೊದಲ ದಿನವೇ ಪ್ರತಿ ಪಾಠದವರ ಚಿಹ್ನೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಒಮೆಗಾದಲ್ಲಿ ಸ್ಥಾನ ಮೊದಲೋ ಸಂವೇಗ ಮೊದಲೋ, ಹ್ಯಾಮಿಲ್ಟನ್ ವೆಕ್ಟರ್ ಫೀಲ್ಡಿನ ಮುಂದೆ ಮೈನಸ್ ಇದೆಯೋ ಇಲ್ಲವೋ. ಒಬ್ಬೊಬ್ಬರದ್ದು ಒಂದೊಂದು ಥರ. ನನ್ನ ಎರಡು ನೋಟ್‌ಬುಕ್ ಹಾಳಾದದ್ದು ಹೀಗೇ: ಇಬ್ಬರ ಚಿಹ್ನೆ ಬೆರೆಸಿಕೊಂಡು ಎಲ್ಲ ಲೆಕ್ಕವೂ ಒಂದು ಮೈನಸ್ ದೂರದಲ್ಲಿ ನಿಂತುಬಿಟ್ಟಿತ್ತು.

ವಿದ್ಯಾರ್ಥಿ ಭಾಷಣಕ್ಕೆ ಹೆಸರು ಕೇಳಿದರೆ ಕೊಡಿ. ಹತ್ತು ನಿಮಿಷ ಸಸಾಕಿಯನ್ ಮ್ಯಾನಿಫೋಲ್ಡಿನ ಒಂದೇ ಉದಾಹರಣೆ ಹೇಳಿ. ಮೂರು ಆಯಾಮದ ಗೋಳವೇ (ನಾಲ್ಕು ಆಯಾಮದ ಗೋಳದ ಹೊರಮೈ) ಸಾಕು. ಅಲ್ಲಿ ನಿಮ್ಮ ಕ್ಸೈಯ ಪ್ರತಿ ಹಾದಿಯೂ ಮುಚ್ಚಿದ ವೃತ್ತ, ಗಣಿತಜ್ಞ ಹಾಪ್ಫ್ ಹೆಣೆದ ವೃತ್ತಗಳು. ಮೆಟ್ರಿಕ್ ಎತ್ತಿ ಪಕ್ಕಕ್ಕಿಟ್ಟವರಿಗೆ ಮೆಟ್ರಿಕ್ ಇರುವ ಮನೆ ನೋಡೋದಕ್ಕೆ ಕುತೂಹಲ ಇರುತ್ತದೆ.

ನಿಮ್ಮ ಜೂನಿಯರ್‌ಗಳಿಗೂ ಹೇಳಿ, ಎಲ್ಲರೂ ಯುರೋಪಿಗೇ ಹೋಗಬೇಕಿಲ್ಲ. ರಾಷ್ಟ್ರೀಯ ಗಣಿತ ಕೇಂದ್ರದ ಎಟಿಎಂ (ಗಣಿತದಲ್ಲಿ ಉನ್ನತ ತರಬೇತಿ) ಶಾಲೆಗಳು ದೇಶದ ಬೇರೆ ಬೇರೆ ಕಡೆ ನಡೆಯುತ್ತವೆ, ಊಟ ವಸತಿ ಅವರದ್ದೇ. ಅದರ ಫೌಂಡೇಶನ್ ಶಾಲೆಗಳಲ್ಲಿ ಟೋಪಾಲಜಿಯನ್ನು ಬುಡದಿಂದ ಕಲಿಸುತ್ತಾರೆ. ಬೆಂಗಳೂರಿನ ಹೆಸರಘಟ್ಟದ ಹತ್ತಿರ ಐಸಿಟಿಎಸ್ ಅನ್ನುವ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಇದೆ, ಅಲ್ಲಿನ ಪಾಠಗಳ ವಿಡಿಯೊ ಯೂಟ್ಯೂಬಿನಲ್ಲಿ ಸಿಗುತ್ತವೆ. ಇಟಲಿಯ ಟ್ರಿಯೆಸ್ಟೆಯಲ್ಲಿರುವ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಐಸಿಟಿಪಿ 1964ರಿಂದ ನಮ್ಮಂಥ ದೇಶದವರಿಗಾಗಿಯೇ ಇದೆ. ವಿಮಾನದ ಖರ್ಚಿಗೆ ಎನ್‌ಬಿಎಚ್‌ಎಂ (ರಾಷ್ಟ್ರೀಯ ಉನ್ನತ ಗಣಿತ ಮಂಡಳಿ) ಪ್ರಯಾಣ ನೆರವು ಇದೆ, ಆಯ್ಕೆ ಪತ್ರ ಇಟ್ಟು ಬೇಗ ಅರ್ಜಿ ಹಾಕಿ. ಶಾಲೆಯವರಿಗೂ ಒಂದು ಮೇಲ್ ಬರೆದು ಕೇಳಿ. ಕೇಳದವರಿಗೆ ಯಾರೂ ಕೊಡೋದಿಲ್ಲ.

ತಿಂಡಿಗೆ ಚಟ್ನಿಪುಡಿ, ಶೇಂಗಾ ಹೋಳಿಗೆ ಕಟ್ಟಿಕೊಳ್ಳಿ. ಎರಡನೇ ವಾರ ಬ್ರೆಡ್ಡಿನ ಜೊತೆ ಚಟ್ನಿಪುಡಿ ಇರೋ ಮೇಜಿಗೆ ಜನ ತಾವಾಗಿ ಬರುತ್ತಾರೆ.

ಮೂರು ತಿಂಗಳಿದೆ ಅಂತ ವೀಸಾ ಮಾತ್ರ ಮುಂದೂಡಬೇಡಿ. ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. 15 ದಿನ ಮುಂಚೆಯಾದರೂ ಹಾಕಿರಬೇಕು, ಆದರೆ ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. 30,000 ಯೂರೋ ಮೊತ್ತದ ಪ್ರಯಾಣ ವಿಮೆ, ವಸತಿ ಕೊಡುತ್ತೇವೆ ಅನ್ನುವ ಶಾಲೆಯ ಪತ್ರ, ವಿಶ್ವವಿದ್ಯಾಲಯದ ಎನ್‌ಒಸಿ ಬೇಕಾಗುತ್ತವೆ. ಎನ್‌ಒಸಿ ಫೈಲು ಎಷ್ಟು ಮೇಜು ದಾಟಬೇಕು ಅನ್ನೋದು ನಿಮಗೇ ಗೊತ್ತು. ಈ ವಾರವೇ ಅರ್ಜಿ ಕೊಟ್ಟುಬಿಡಿ. ಅದು ಸಹಿಯಾಗಿ ಬರುವಷ್ಟರಲ್ಲಿ ಮೋಸರ್ ಉಪಾಯ ಎರಡು ಸಲ ಓದಿ ಮುಗಿದಿರುತ್ತದೆ.